ದಾವಣಗೆರೆಯ ಅರಳೆಯೂ ಹರಿಹರದ ಎಳೆಯೂ

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರುಗಳಷ್ಟೇ ದಾರಿ. ರೈಲುಗಾಡಿಯಲ್ಲಿ ಕುಳಿತವರು ಒಂದು ಊರಿನ ಮಾತನ್ನು ಮುಗಿಸುವಷ್ಟರಲ್ಲಿ ಇನ್ನೊಂದು ಊರು ಬಂದಿರುವುದು. ಎರಡು ಊರುಗಳೂ ಬಟ್ಟೆಯ ಎಳೆಯನ್ನು ನಂಬಿ ಬೆಳೆದುವು. ಆದರೆ ನಂಬಿದ ಬಗೆ ಬೇರೆ. ದಾವಣಗೆರೆಯು ಗಿಡದಲ್ಲಿ ತಾನಾಗಿ ಬೆಳೆದ ಎಳೆಯನ್ನು ತೆಗೆದುಕೊಂಡು ಅದರ ಆಕಾರವನ್ನು ಮಾತ್ರ ಬದಲಾಯಿಸಿತು. ಹರಿಹರದ ಎದುರು ದಡದಲ್ಲಿ ಎದ್ದ ಕಾರ್ಖಾನೆಯು ಮರವನ್ನು ಬೇಯಿಸಿ, ಕರಗಿಸಿ, ಹಿಂದೆ ಇಲ್ಲದಿದ್ದ ಎಳೆಯನ್ನು ಹೊಸದಾಗಿ ಹುಟ್ಟಿಸಿತು. ಮೊದಲನೆಯದನ್ನು ಶಾಸ್ತ್ರಜ್ಞರು ಭೌತಿಕ ಪರಿವರ್ತನೆಯೆಂದೂ ಎರಡನೆಯದನ್ನು ರಾಸಾಯನಿಕ ಪರಿವರ್ತನೆಯೆಂದೂ ಕರೆಯುವರು. ಶಾಲೆಯ ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸುವ ಈ ಭೇದವು ತುಂಗಭದ್ರೆಯ ದಡದ ಜನರಿಗೆ ಅನುಭವದಿಂದ ತಿಳಿಯಲು ಹಲವು ವರ್ಷಗಳು ಹಿಡಿದುವು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ದಾವಣಗೆರೆಯು ಮೊದಲಿನಿಂದ ದೊಡ್ಡ ಊರಾಗಿರಲಿಲ್ಲ. ಬೇತೂರಿನ ಮಗ್ಗುಲಲ್ಲಿ ಸಣ್ಣ ಗ್ರಾಮವಾಗಿದ್ದ ಅದನ್ನು ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆ ಸರದಾರನು ವರ್ತಕರಿಗೆ ಆಶ್ರಯವಿತ್ತು ಅವರನ್ನು ಅಲ್ಲಿ ನೆಲೆಗೊಳಿಸಿದ ಮೇಲೆ ಊರು ಪೇಟೆಯಾಯಿತು. 1870ರಲ್ಲಿ ಪುರಸಭೆಯಾಯಿತು. 1889ರಲ್ಲಿ ಬೆಂಗಳೂರಿನಿಂದ ಹೊರಟ ರೈಲುದಾರಿಯು ಹರಿಹರವನ್ನು ಮುಟ್ಟಿದಾಗ ನಡುವಣ ದಾವಣಗೆರೆಗೂ ನಿಲ್ದಾಣ ಬಂದಿತು. ಸುತ್ತಣ ಎರೆಭೂಮಿಯ ಹತ್ತಿಗೆ ದೂರದ ಮಾರುಕಟ್ಟೆಗಳು ತೆರೆದುವು. ಅದಕ್ಕೂ ಮೊದಲು ಊರಿಗೆ ಹೆಸರು ತಂದಿದ್ದುದು ಕಂಬಳಿ. ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ನೂತು, ನೆಯ್ದು, ಹುಣಿಸೆಬೀಜದ ಗಂಜಿಯನ್ನು ಹಚ್ಚಿ ಗಡುಸು ಮಾಡುತ್ತಿದ್ದ ಆ ಕೆಲಸದಲ್ಲಿ ಉಣ್ಣೆಯು ಮೊದಲಿನಿಂದ ಕಡೆಯವರೆಗೆ ಉಣ್ಣೆಯೇ. ಕುರಿಯ ಮೈಮೇಲಿನ ಕಪ್ಪು ಬಣ್ಣವೇ ಕಂಬಳಿಯ ಬಣ್ಣ.

ಮುಂದೆ ದಾವಣಗೆರೆ ಕಾಟನ್ ಮಿಲ್ಸ್, ಶಂಕರ, ಆಂಜನೇಯ, ಯಲ್ಲಮ್ಮ ಮೊದಲಾದ ಗಿರಣಿಗಳು ನಡೆದ ಕಾಲದಲ್ಲಿ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತು. ಇಂತಹ ಗಿರಣಿಯೊಳಗೆ ಹತ್ತಿಗೆ ಆಗುವುದೇನೆಂಬುದನ್ನು ತುಸು ನಿಧಾನವಾಗಿ ನೋಡತಕ್ಕದ್ದು. ಜಿನ್ನಿನಲ್ಲಿ ಕಾಳು ಬೇರೆಯಾಗಿ ಅರಳೆ ಉಳಿಯುವುದು. ಅರಳೆಯನ್ನು ಒತ್ತಿ ಬೇಲು ಕಟ್ಟುವರು. ಬೇಲನ್ನು ಬಿಚ್ಚಿ, ಬಡಿದು, ಹಿಂಜಿ, ಹಂಜಿಯನ್ನು ಎಳೆದು, ಕದಿರಿನ ಮೇಲೆ ಹುರಿಗೊಳಿಸಿದರೆ ನೂಲು. ಹಾಸಿನ ನೂಲಿಗೆ ಗಂಜಿ ಹಾಕಿ ಮಗ್ಗಕ್ಕೇರಿಸಿ ಹೊಕ್ಕನ್ನು ಹಾಯಿಸಿದರೆ ಬಟ್ಟೆ. ಉಬ್ಬಿದ ರಾಶಿಯಾಗಿದ್ದುದು ಮೊದಲು ಕಲ್ಲಿನಂತೆ ಗಟ್ಟಿಯಾದ ಬೇಲಾಯಿತು, ಬಳಿಕ ದಾರವಾಯಿತು, ಕಡೆಗೆ ಉಡುವ ವಸ್ತ್ರವಾಯಿತು. ಕಣ್ಣಿಗೆ ಇಷ್ಟೊಂದು ವೇಷಗಳು ಕಂಡರೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಗಿಡದ ಕಾಯಿಯಲ್ಲಿದ್ದ ಎಳೆಯೂ ಹೊಸ ಪಂಚೆಯ ಎಳೆಯೂ ನೆಲ ಒರೆಸುವ ಹಳೆಯ ಚಿಂದಿಯ ಎಳೆಯೂ ಒಂದೇ ತೆರನಾಗಿ, ತಿರುಚಿದ ಚಪ್ಪಟೆ ಪಟ್ಟಿಯಂತೆಯೇ ತೋರುವುವು. ಎಳೆಯ ದ್ರವ್ಯವು ಸೆಲ್ಯುಲೋಸು. 1838ರಲ್ಲಿ ಅದನ್ನು ಸಸ್ಯಗಳಿಂದ ಬೇರ್ಪಡಿಸಿ ತೋರಿಸಿದವನು ಆನ್ಸೆಲ್ಮ್ ಪಾಯೆನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ನೂತು ನೆಯ್ದುದರಿಂದ ಆ ಸೆಲ್ಯುಲೋಸಿಗೆ ಆದ ವ್ಯತ್ಯಾಸವೇನೂ ಇಲ್ಲ. ಗಿರಣಿಗೆ ಹೋದ ಅರಳೆಯ ತೂಕವು ನೂಲಿನಲ್ಲಿಯೂ ಉಳಿಕೆಯ ಹತ್ತಿಯಲ್ಲಿಯೂ ಧೂಳಿನಲ್ಲಿಯೂ ಹಂಚಿಹೋಗಿರುವುದೇ ಹೊರತು, ಅರಳೆಯಲ್ಲಿ ಇಲ್ಲದಿದ್ದ ಮತ್ತೊಂದು ಪದಾರ್ಥವು ಅಲ್ಲಿ ಹುಟ್ಟುವುದಿಲ್ಲ.

ಹುಟ್ಟುವುದಿಲ್ಲವೆಂದ ಮಾತ್ರಕ್ಕೆ ಕೇಡಿಲ್ಲವೆಂದು ತಿಳಿಯಬಾರದು. ಹಿಂಜುವ ವಿಭಾಗದ ಸಣ್ಣ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಿರಣಿಯಾಳುಗಳಿಗೆ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ಬೇನೆ ಬರುವುದೆಂಬುದು ಜಗತ್ತಿನ ಹತ್ತಿಗಿರಣಿಗಳೆಲ್ಲದರ ಅನುಭವ. ಆದರೆ ಈ ಕೇಡು ಗಿರಣಿಯ ಗೋಡೆಗಳ ಒಳಗಿನದು. ಊರ ಕೆರೆಗೂ ಹೊಳೆಗೂ ಅದು ಇಳಿದುಹೋಗಲಿಲ್ಲ.

ಬಟ್ಟೆಯನ್ನು ಬಿಳಿದು ಮಾಡುವಾಗಲೂ ಬಣ್ಣ ಕಟ್ಟುವಾಗಲೂ ಮಾತು ಬೇರೆಯಾಗುವುದು. ಅರಳೆಯ ನಸುಹಳದಿಯನ್ನು ಕಳೆಯುವ ಚೆಲುವೆಪುಡಿಯು ಬಣ್ಣದ ಕಣಗಳನ್ನು ಮುರಿದು ಬೇರೆಯ ಪದಾರ್ಥಗಳನ್ನಾಗಿ ಮಾಡುವುದು; ಇದು ರಾಸಾಯನಿಕ ಕ್ರಿಯೆ. ನೀಲಿಯ ಕಥೆ ಇನ್ನೂ ಸ್ವಾರಸ್ಯವಾದುದು. ನೀಲಿಯು ನೀರಿನಲ್ಲಿ ಕರಗದು. ಬಣ್ಣಗಾರನು ಅದನ್ನು ಹುಳಿಸಿದ ತೊಟ್ಟಿಯಲ್ಲಿ ಇಟ್ಟು ಹಸುರುಹಳದಿಯಾಗಿ ಕರಗುವ ಬೇರೊಂದು ದ್ರವ್ಯವನ್ನಾಗಿ ಮಾಡಿ, ನೂಲನ್ನು ಅದರಲ್ಲಿ ಅದ್ದಿ ಮೇಲೆತ್ತುವನು. ಗಾಳಿ ತಗುಲಿದೊಡನೆ ಹಸುರು ಹೋಗಿ ನೀಲಿಯೇ ಮರಳಿ ಬರುವುದು. ಹೊರಟದ್ದೂ ನೀಲಿ, ಬಂದು ಸೇರಿದ್ದೂ ನೀಲಿ; ನಡುವಣ ದಾರಿ ಮಾತ್ರ ಪೂರ್ತಿಯಾಗಿ ರಾಸಾಯನಿಕವಾದುದು.

ಇಲ್ಲಿ ಒಂದು ತೊಡಕು ಎದುರಾಗುವುದು. ಮೊದಲಿನ ಸ್ಥಿತಿಗೆ ಮರಳಿಸಬಹುದಾದುದು ಭೌತಿಕ, ಮರಳಿಸಲಾಗದುದು ರಾಸಾಯನಿಕ ಎಂಬ ಒಂದು ಸೂತ್ರವನ್ನು ಶಾಲೆಗಳಲ್ಲಿ ಹೇಳಿಕೊಡುವ ವಾಡಿಕೆಯುಂಟು. ಮಂಜುಗಡ್ಡೆ ಕರಗಿ ನೀರಾದುದು ಮತ್ತೆ ಹೆಪ್ಪುಗಟ್ಟುವುದು. ಬೆಣ್ಣೆಯು ದೋಸೆಯ ಹೆಂಚಿನ ಮೇಲೆ ಕರಗಿದುದು ತಣ್ಣಗಾದರೆ ಮತ್ತೆ ಗಟ್ಟಿಯಾಗುವುದು. ಸುಟ್ಟ ಸೌದೆಯು ಮರಳಿ ಸೌದೆಯಾಗದು. ಮೊದಲ ಪಾಠಕ್ಕೆ ಇಷ್ಟು ಸಾಕು. ಆದರೆ ದಾವಣಗೆರೆಯವರು ತಮ್ಮ ಮಂಡಕ್ಕಿಭಟ್ಟಿಯನ್ನೂ ಹರಿಹರದವರು ತಮ್ಮ ಹಳೆಯ ಸೇತುವೆಯನ್ನೂ ಒಮ್ಮೆ ನೋಡಿದರೆ ಈ ಸೂತ್ರವು ಎರಡು ಕಡೆಯಲ್ಲಿಯೂ ಮುರಿದುಬೀಳುವುದು.

ಮಂಡಕ್ಕಿಯ ಅಕ್ಕಿಯನ್ನು ಕಾದ ಮರಳಿನಲ್ಲಿ ಹಾಕಿದಾಗ ಒಳಗೆ ಅಡಗಿದ್ದ ನೀರಿನಂಶವು ಒಮ್ಮೆಲೆ ಆವಿಯಾಗಿ ಹಿಗ್ಗಿ ಕಾಳನ್ನು ಉಬ್ಬಿಸುವುದು. ಒಂದು ಹಿಡಿ ಅಕ್ಕಿ ಮೊರದ ತುಂಬ ಆಗುವುದು. ಉಬ್ಬಿದ ಮಂಡಕ್ಕಿಯನ್ನು ಯಾವ ಉಪಾಯದಿಂದಲೂ ಮತ್ತೆ ಅಕ್ಕಿಯಾಗಿ ಮಾಡಲಾಗದು. ಹಾಗಿದ್ದರೂ ಅಲ್ಲಿ ಮುಖ್ಯವಾಗಿ ನಡೆದುದು ಭೌತಿಕ ಪರಿವರ್ತನೆಯೇ: ನೀರು ಆವಿಯಾಗಿ ಹೊರಬಿದ್ದಿತು, ಪಿಷ್ಟವು ಮೆತ್ತಗಾಗಿ ಹಿಗ್ಗಿ ಹಾಗೆಯೇ ನಿಂತಿತು. ಕಾಳು ಕೆಂಪಗಾಗಿ ಹೊತ್ತಿದ ವಾಸನೆ ಬಂದಲ್ಲಿ ಮಾತ್ರ ರಾಸಾಯನಿಕ ಕ್ರಿಯೆಯು ತಲೆಹಾಕಿತೆಂದು ಹೇಳಬೇಕು. ಅದೇ ಭಟ್ಟಿಯ ಒಲೆಯಲ್ಲಿ ಉರಿಯುವ ಹೊಟ್ಟಾದರೋ ಬೂದಿಯೂ ಹೊಗೆಯೂ ಆಗಿಹೋಗುವುದು. ಬಾಣಲೆಯ ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆ. ನಡುವೆ ಇರುವುದು ಬಾಣಲೆಯ ತಳವಷ್ಟೇ.

ಇನ್ನು ಸೇತುವೆಯ ಮಾತು. ತುಂಗಭದ್ರೆಗೆ ಅಡ್ಡಲಾಗಿ ಹರಿಹರದಲ್ಲಿ 1868ರಲ್ಲಿ ಮುಗಿದ ಸೇತುವೆಯು ಅರುವತ್ತಡಿಯ ಹದಿನಾಲ್ಕು ಕಮಾನುಗಳುಳ್ಳದ್ದು. ಕಲ್ಲು ಮತ್ತು ಇಟ್ಟಿಗೆಯದು. ಕಲ್ಲು ಕಟೆದದ್ದು ಭೌತಿಕ ಕಾರ್ಯ; ಅದೇ ಊರಿನ ಹರಿಹರೇಶ್ವರ ದೇವಾಲಯವನ್ನು ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ಹೊಯ್ಸಳರ ಕಾಲದ ಶಿಲ್ಪಿಗಳ ಉಳಿಯ ಕೆಲಸವೂ ಅಂತಹುದೇ. ಸೇತುವೆಯ ಕಾಲದ ಕಟ್ಟಡಗಳಲ್ಲಿ ಕಲ್ಲುಗಳನ್ನು ಬೆಸೆದುದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ನೂರು ಸೇರಿಗೆ ಐವತ್ತಾರು ಸೇರು ಸುಟ್ಟ ಸುಣ್ಣ ಉಳಿದು, ಮಿಕ್ಕ ನಲವತ್ತನಾಲ್ಕು ಸೇರು ಕಣ್ಣಿಗೆ ಕಾಣದ ಇಂಗಾಲಾಮ್ಲ ವಾಯುವಾಗಿ ಹಾರಿಹೋಗುವುದು. ನೀರು ಹಾಕಿದರೆ ಕುದಿದು ಅರಳುವುದು. ಗಾರೆಯಾಗಿ ಗೋಡೆ ಸೇರಿದ ಮೇಲೆ ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ವರ್ಷಾನುಗಟ್ಟಲೆಯಲ್ಲಿ ಮತ್ತೆ ಸುಣ್ಣದ ಕಲ್ಲೇ ಆಗುವುದು. ಎಲೆಯಡಿಕೆಯ ಸುಣ್ಣದ ಡಬ್ಬಿಯನ್ನು ಮುಚ್ಚಲು ಮರೆತವರು ಮೇಲೆ ಕಟ್ಟಿದ ಗಟ್ಟಿ ಕೆನೆಯಲ್ಲಿ ಇದನ್ನೇ ಕಾಣುವರು. ಹೊರಟಲ್ಲಿಗೇ ಬಂದು ಸೇರಿದರೂ ಇದು ರಾಸಾಯನಿಕವೇ.

ಆದುದರಿಂದ ಕೇಳಬೇಕಾದ ಪ್ರಶ್ನೆಯು ಮರಳಿ ಬರುವುದೇ ಎಂಬುದಲ್ಲ. ದಾರಿಯಲ್ಲಿ ಬೇರೆ ದ್ರವ್ಯ ಹುಟ್ಟಿತೇ, ಹುಟ್ಟಿದುದು ಎಲ್ಲಿಗೆ ಹೋಯಿತು ಎಂಬುದು. ಸುಣ್ಣದ ಗೂಡಿನ ವಾಯುವಿನಂತೆ ಅದು ಎಲ್ಲಿಗೋ ಹೋಗಿಯೇ ಇರಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲವಾಜಿಯೆ ಎಂಬ ಫ್ರೆಂಚ್ ವಿದ್ವಾಂಸನು ತಕ್ಕಡಿಯನ್ನು ಹಿಡಿದು ಸ್ಥಾಪಿಸಿದ ನಿಯಮವೂ ಇದೇ: ರೂಪ ಎಷ್ಟು ಬದಲಾದರೂ ತೂಕದ ಲೆಕ್ಕ ತಪ್ಪದು.

ಹರಿಹರದಲ್ಲಿ ಯಂತ್ರಯುಗವು ಕಬ್ಬಿಣದೊಡನೆ ಕಾಲಿಟ್ಟಿತು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತು ಯಂತ್ರಗಳನ್ನು ಮಾಡುತ್ತಿದ್ದಿತು. ಅದರ ವಸತಿಗೆ ಯಂತ್ರಪುರವೆಂದೇ ಹೆಸರು. ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಹೊಯ್ದರೂ, ಲೇತಿನಲ್ಲಿ ತಿರುಗಿಸಿ ಸಿಪ್ಪೆ ಸುಲಿದರೂ ಅದು ಕಬ್ಬಿಣವೇ. ಕಾರ್ಖಾನೆ ನಿಂತ ಮೇಲೆ ಹಿಡಿಯುವ ತುಕ್ಕು ಮಾತ್ರ ಕಬ್ಬಿಣವಲ್ಲ. ಆದರೆ ಈ ಲೇಖನಕ್ಕೆ ಮುಖ್ಯವಾದುದು 1972ರಲ್ಲಿ ಹೊಳೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ ಕೆಲಸವಾರಂಭಿಸಿದ ಹರಿಹರ ಪಾಲಿಫೈಬರ್ಸ್. ಆ ದಡವು ಅಂದು ಧಾರವಾಡ ಜಿಲ್ಲೆಗೆ ಸೇರಿದ್ದಿತು, 1997ರಿಂದ ಹಾವೇರಿಗೆ ಸೇರಿದೆ. ಹೆಸರು ಮಾತ್ರ ಈಚೆಯ ಊರಿನದು. ಗ್ರಾಸಿಮ್ ಸಂಸ್ಥೆಗೆ ಸೇರಿದ ಈ ಕಾರ್ಖಾನೆಯು ನೀಲಗಿರಿ ಮೊದಲಾದ ಮರಗಳಿಂದ ತಿರುಳನ್ನು ತೆಗೆಯಿತು. ಕೆಲವು ವರ್ಷಗಳಲ್ಲಿಯೇ ಆ ತಿರುಳಿನಿಂದ ವಿಸ್ಕೋಸ್ ಎಳೆಯನ್ನು ಮಾಡುವ ಘಟಕವೂ ಅಲ್ಲಿ ಸೇರಿತು.

ಹತ್ತಿಯ ಅರಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಸೆಲ್ಯುಲೋಸು. ಮರದಲ್ಲಿ ಅದು ನಲವತ್ತು ನಲವತ್ತೈದು ಭಾಗ ಮಾತ್ರ. ಮಿಕ್ಕುದು ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಮರವನ್ನು ಸೆಟೆದು ನಿಲ್ಲಿಸುವ ಲಿಗ್ನಿನ್ ಎಂಬ ದ್ರವ್ಯವೂ ಅರೆಸೆಲ್ಯುಲೋಸುಗಳೂ ಇತರ ಅಂಟುಗಳೂ. ಮರದಿಂದ ಬಟ್ಟೆಯ ಎಳೆ ಬೇಕಾದರೆ ಈ ದೊಡ್ಡ ಪಾಲನ್ನು ಕಳೆಯಲೇಬೇಕು. ಕಳೆದುದನ್ನು ಎಲ್ಲಿಯಾದರೂ ಇಡಲೇಬೇಕು. ಹತ್ತಿಗಿರಣಿಗೆ ಈ ಚಿಂತೆ ಬರಲಿಲ್ಲ.

ಮರವನ್ನು ಚಕ್ಕೆ ಮಾಡುವುದು ಭೌತಿಕ. ಚಕ್ಕೆಯನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡುಗಳೊಡನೆ ದೊಡ್ಡ ಹಂಡೆಗಳಲ್ಲಿ ಒತ್ತಡದಿಂದ ಬೇಯಿಸಿದಾಗ ಲಿಗ್ನಿನ್ ಒಡೆದು ಕರಗಿ, ಕಾಡಿಗೆಯಂತಹ ಕರಿನೀರಾಗುವುದು. ಈ ಉದ್ಯಮದಲ್ಲಿ ಆ ಕರಿನೀರನ್ನು ಇಂಗಿಸಿ, ಉರಿಸಿ, ಶಾಖವನ್ನು ಕಾರ್ಖಾನೆಗೂ ಸೋಡಾವನ್ನು ಮತ್ತೆ ಹಂಡೆಗೂ ತೆಗೆದುಕೊಳ್ಳುವುದು ಪದ್ಧತಿ. ಸೋಡಾವನ್ನು ಮತ್ತೆ ಖಾರಗೊಳಿಸಲು ಬೇಕಾಗುವುದು ಸೇತುವೆಯ ಗಾರೆಯ ಅದೇ ಸುಣ್ಣ. ಹಾಗೆ ಹಿಡಿದು ಉರಿಸದೆ ತಪ್ಪಿಸಿಕೊಂಡುದೂ ತಿರುಳನ್ನು ತೊಳೆದು ಬಿಳುಪು ಮಾಡಿದ ನೀರೂ ಹೊರಗೆ ಹೋಗುವುವು.

ಹೀಗೆ ದೊರೆತ ಬಿಳಿಯ ತಿರುಳು ಸೆಲ್ಯುಲೋಸೇ ಆದರೂ ನೂಲಲು ಬಾರದು. ಎಳೆಗಳು ತೀರ ಗಿಡ್ಡ. ಇದಕ್ಕೆ ಉಪಾಯವನ್ನು 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಕಂಡುಹಿಡಿದರು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ, ಗಾಳಿಯಲ್ಲಿ ಹದಕ್ಕೆ ಬಿಟ್ಟು, ಇಂಗಾಲದ ಡೈಸಲ್ಫೈಡ್ ಎಂಬ ದ್ರವದ ಆವಿಯೊಡನೆ ಕೂಡಿಸಿದರೆ ಕಿತ್ತಳೆ ಬಣ್ಣದ ಪುಡಿಯಾಗುವುದು. ಇದು ಸೆಲ್ಯುಲೋಸಲ್ಲ, ಕ್ಸಾಂತೇಟ್ ಎಂಬ ಬೇರೊಂದು ಸಂಯುಕ್ತ. ತೆಳು ಸೋಡಾನೀರಿನಲ್ಲಿ ಅದು ಕರಗಿ ಜೇನಿನಂತೆ ಎಳೆ ಬಿಡುವ ದ್ರವವಾಗುವುದು, ಇದೇ ವಿಸ್ಕೋಸ್. ಇದನ್ನು ಕೂದಲಿಗಿಂತ ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಯೊಳಕ್ಕೆ ಒತ್ತಿದಾಗ ಡೈಸಲ್ಫೈಡು ಬಿಟ್ಟುಹೋಗಿ, ಶುದ್ಧ ಸೆಲ್ಯುಲೋಸು ಹೊಳೆಯುವ ಎಳೆಯಾಗಿ ಮರಳಿ ಹುಟ್ಟುವುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡೂ ಸೋಡಿಯಂ ಸಲ್ಫೇಟ್ ಎಂಬ ಉಪ್ಪೂ ಜೊತೆಯಲ್ಲಿ ಹುಟ್ಟುವುವು. ಮರದಲ್ಲಿ ಇವೆರಡರಲ್ಲಿ ಯಾವುದೂ ಇರಲಿಲ್ಲ.

ನೀಲಿಯ ತೊಟ್ಟಿ, ಸುಣ್ಣದ ಗೂಡು, ವಿಸ್ಕೋಸಿನ ಹಂಡೆ: ಮೂರೂ ಒಂದೇ ಜಾತಿಯವು. ತುದಿಮೊದಲುಗಳನ್ನು ಮಾತ್ರ ನೋಡುವವರು, ಸೆಲ್ಯುಲೋಸು ಒಳಗೆ ಹೋಗಿ ಸೆಲ್ಯುಲೋಸೇ ಹೊರಗೆ ಬಂದಿತಲ್ಲ, ಆದುದೇನು ಎಂದು ಕೇಳಬಹುದು. ಆದುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹತ್ತಿಯ ದಾರವೊಂದನ್ನೂ ವಿಸ್ಕೋಸಿನ ದಾರವೊಂದನ್ನೂ ದೀಪಕ್ಕೆ ಒಡ್ಡಿದರೆ ಎರಡೂ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರವಾದ ಬೂದಿಯಾಗುವುವು. ಉಣ್ಣೆಯಂತೆ ಕೂದಲಿನ ವಾಸನೆಯಿಲ್ಲ, ಪಾಲಿಯೆಸ್ಟರಿನಂತೆ ಕರಗಿ ಮಣಿಗಟ್ಟುವುದಿಲ್ಲ. ಬೆಂಕಿಗೆ ಅವುಗಳ ಭೇದ ತಿಳಿಯದು. ನೀರಿಗೆ ತಿಳಿಯುವುದು. ಒದ್ದೆ ಮಾಡಿ ಜಗ್ಗಿದರೆ ಹತ್ತಿಯ ದಾರವು ಒಣಗಿದ್ದಾಗಿಗಿಂತ ಗಟ್ಟಿಯಾಗಿ ನಿಲ್ಲುವುದು. ವಿಸ್ಕೋಸ್ ಸೋತು ಬೇಗನೆ ಹರಿಯುವುದು. ಹತ್ತಿಯ ಸೆಲ್ಯುಲೋಸಿನ ಒಂದೊಂದು ಸರಪಣಿಯಲ್ಲಿ ಸಾವಿರಾರು ಕೊಂಡಿಗಳು ಉಂಟು. ಹಂಡೆ ತೊಟ್ಟಿಗಳನ್ನು ದಾಟಿ ಬಂದುದರಲ್ಲಿ ಕೆಲವು ನೂರು ಮಾತ್ರ ಉಳಿದಿರುವುವು. ಸರಪಣಿಗಳು ಪಕ್ಕಪಕ್ಕದಲ್ಲಿ ಮಲಗಿದ ವಿನ್ಯಾಸವೂ ಬೇರೆ. ರವಿಕೆಯ ಬಟ್ಟೆಯನ್ನು ಒಗೆದು ಹಿಂಡುವ ಗೃಹಿಣಿಗೆ ಈ ವಿಷಯ ಪುಸ್ತಕವಿಲ್ಲದೆಯೇ ಗೊತ್ತು.

ಇನ್ನು ಹೊಳೆಗೆ ಹೋದ ಪಾಲಿನ ವಿಚಾರ. ಕಾರ್ಖಾನೆಯು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತೆಂಬುದನ್ನು ಮರೆಯಲಾಗದು. ಆದರೆ 1980ರ ದಶಕದಲ್ಲಿ ಕೆಳಗಣ ಹಳ್ಳಿಗಳವರು ತುಂಗಭದ್ರೆಯ ನೀರು ಕಂದಾಗಿ ನಾರುತ್ತಿದೆಯೆಂದೂ ಮೀನುಗಳು ಸತ್ತು ತೇಲುತ್ತಿವೆಯೆಂದೂ ಮೊರೆಯಿಟ್ಟರು. ಮೀನು ಹಿಡಿದು ಬದುಕುವವರ ಬಲೆಗಳು ಬರಿದಾದುವು. 1984ರಲ್ಲಿ ಎಸ್. ಆರ್. ಹಿರೇಮಠರೂ ಅವರ ಸಂಗಡಿಗರೂ ಕಟ್ಟಿದ ಸಮಾಜ ಪರಿವರ್ತನ ಸಮುದಾಯವು ಈ ಮೊರೆಯನ್ನು ಸರ್ಕಾರದ ಮತ್ತು ನ್ಯಾಯಾಲಯಗಳ ಮುಂದೆ ಇಟ್ಟಿತು.

ಈ ವಿವಾದದ ನಡುವೆ ರಸಾಯನಶಾಸ್ತ್ರದ ಭೇದವು ಹೊಟ್ಟೆಪಾಡಿನ ಪ್ರಶ್ನೆಯಾಗಿ ನಿಂತಿತು. ಹೊಳೆಯು ದೊಡ್ಡದು, ಎಷ್ಟು ಬಿಟ್ಟರೂ ಬೆರೆತು ಹೋಗುವುದು ಎಂಬ ಭಾವನೆ ಎಲ್ಲ ಕಾಲದ ಕಾರ್ಖಾನೆಗಳಲ್ಲಿಯೂ ಉಂಟು. ಬೆರೆಯುವುದು ಭೌತಿಕ ಪರಿವರ್ತನೆ. ಒಂದು ಚಮಚ ಉಪ್ಪನ್ನು ಕೊಡದ ನೀರಿಗೆ ಹಾಕಿದರೆ ರುಚಿ ಕಾಣದೆ ಹೋಗಬಹುದು, ಉಪ್ಪು ಇಲ್ಲದೆ ಹೋಗುವುದಿಲ್ಲ. ಹೊಲಸು ನಿಜವಾಗಿ ಇಲ್ಲವಾಗಬೇಕಾದರೆ ಅದು ಬೇರೆ ದ್ರವ್ಯವಾಗಬೇಕು. ಆ ಕೆಲಸವನ್ನು ನೀರಿನ ಸೂಕ್ಷ್ಮಜೀವಿಗಳು ಮಾಡುವುವು. ಆದರೆ ಅದಕ್ಕಾಗಿ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ತಿಂದುಬಿಡುವುವು. ಬೇಸಗೆಯಲ್ಲಿ ಹೊಳೆ ಸಣ್ಣದಾದಾಗ ಮೀನಿಗೆ ಉಸಿರು ಸಾಲದೆ ಹೋಗುವುದು ಹೀಗೆ. ಲಿಗ್ನಿನ್ ಎಂಬುದಾದರೋ ಈ ಜೀವಿಗಳಿಗೂ ಸುಲಭವಾಗಿ ಜೀರ್ಣವಾಗದು. ಮರವು ವರ್ಷಗಟ್ಟಲೆ ಕೊಳೆಯದೆ ನಿಲ್ಲುವುದು ಅದರ ಬಲದಿಂದಲೇ. ಆದುದರಿಂದ ಮರದ ತಿರುಳಿನ ನೀರಿನ ಕಂದುಬಣ್ಣವು ಬಲುದೂರ ಹೋಗುವುದು. ಕಾರ್ಖಾನೆಯ ಅಂಗಳದಲ್ಲಿಯೇ ಗಾಳಿಯೂದಿದ ಕೊಳಗಳಲ್ಲಿ ಆ ಕ್ರಿಯೆಯನ್ನು ಮುಗಿಸಿ ನೀರನ್ನು ಬಿಡಬೇಕೆಂಬ ಶುದ್ಧೀಕರಣದ ಕಟ್ಟಳೆಗೆ ಆಧಾರವಿದು.

ಇತ್ತ ಮರದ ಕಡೆಯಿಂದಲೂ ವ್ಯಾಜ್ಯವೆದ್ದಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಈ ಕಂಪೆನಿಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿದುವು. ತಿರುಳಿನ ಮರ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡತಕ್ಕದ್ದೆಂದಾಯಿತು. ದನ ಮೇಯುವ, ಸೌದೆ ಆಯುವ ನೆಲವದು. ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂಬ ಧಾರವಾಡದ ಮಾತಿನಿಂದಲೇ ಆ ಸತ್ಯಾಗ್ರಹವು ಹೆಸರಾಯಿತು. 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲು ಸರ್ಕಾರವು ನಿಶ್ಚಯಿಸಿತು.

ದಾವಣಗೆರೆಯ ಗಿರಣಿಗಳ ಅದೃಷ್ಟವೂ ಆ ವೇಳೆಗೆ ಇಳಿದಿದ್ದಿತು. ಯಲ್ಲಮ್ಮ ಗಿರಣಿಯನ್ನು 1974ರಲ್ಲಿ ರಾಷ್ಟ್ರೀಕರಿಸಲಾಗಿದ್ದಿತು. ಹಳೆಯ ಗಿರಣಿಗಳು ಒಂದೊಂದಾಗಿ ಕದಿರು ನಿಲ್ಲಿಸಿದುವು. ಬಟ್ಟೆಯಂಗಡಿಗಳಲ್ಲಿ ಮಾತ್ರ ಎರಡು ಬಗೆಯ ಎಳೆಗಳೂ ಇಂದಿಗೂ ಒಟ್ಟಿಗೆ ದೊರೆಯುವುವು, ಹಲವು ಸಲ ಒಂದೇ ದಾರದಲ್ಲಿ. ಹತ್ತಿಯನ್ನೂ ವಿಸ್ಕೋಸನ್ನೂ ಕೂಡಿಸಿ ನೂತರೆ ಅದು ಬರಿಯ ಬೆರಕೆ. ಪ್ರತಿಯೊಂದು ಎಳೆಯೂ ತಾನು ತಾನಾಗಿಯೇ ಇರುವುದು. ಬೆರಕೆಯ ಪ್ರಮಾಣ ತಿಳಿಯಬೇಕಾದಾಗ ಪರೀಕ್ಷಾಲಯದಲ್ಲಿ ಬಟ್ಟೆಯ ತುಂಡನ್ನು ತೂಗಿ, ಫಾರ್ಮಿಕ್ ಆಮ್ಲವೂ ಸತುವಿನ ಕ್ಲೋರೈಡೂ ಕೂಡಿದ ದ್ರವದಲ್ಲಿ ಇಡುವರು. ವಿಸ್ಕೋಸ್ ಕರಗಿ ದ್ರವವನ್ನು ಸೇರುವುದು. ಹತ್ತಿಯು ಜಾಳುಜಾಳಾಗಿ ಉಳಿಯುವುದು. ಅದನ್ನು ತೊಳೆದು, ಒಣಗಿಸಿ, ಮತ್ತೆ ತೂಗುವರು.